ಹಿಂದಕ್ಕೆ ಚಾಚಿದ ಕೈ

ಗಾಜಿನ ಕೊಳವೆಗಳನ್ನು ಒರೆಸುವ ಕೆಲಸ ಮನೆಯ ಹುಡುಗಿ ಇರುವೆಯದು. ಉದ್ದನೆಯ ತಂತಿಯ ತುದಿಗೆ ಹಳೆಯ ಹತ್ತಿಬಟ್ಟೆಯ ಚೂರು ಸುತ್ತಿ, ಕೊಳವೆಯ ಒಂದು ಬಾಯಿಂದ ತೂರಿಸಿ ಇನ್ನೊಂದು ಬಾಯಿಂದ ಎಳೆಯಬೇಕು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಒಂದು ಕಣ ಧೂಳು ಉಳಿದರೂ ಸಾಕು, ಉರಿಗೆ ಹಿಡಿದಾಗ ಅದು ಗಾಜಿನೊಳಗೇ ಬೆಂದು ಕಪ್ಪು ಚುಕ್ಕೆಯಾಗಿ ಕೂತುಬಿಡುತ್ತದೆ. ಆ ಬೆಳಿಗ್ಗೆ ಅವಳು ಒರೆಸಿದ ಕೊಳವೆಗಳನ್ನೇ ಮತ್ತೆ ಒರೆಸುತ್ತಿದ್ದಳು. ಎದುರಿಗೆ ಅಪ್ಪ ಸೂಜಿ ಹಿಡಿದು ಬರ್ನರಿನ ಬಾಯಿಯ ಸಣ್ಣ ತೂತುಗಳನ್ನು ಒಂದೊಂದಾಗಿ ಚುಚ್ಚಿ ಶುದ್ಧ ಮಾಡುತ್ತಿದ್ದ. ಅಪ್ಪನ ಕುರ್ಚಿಯ ಹಿಂದೆ, ಎಡಕ್ಕೆ, ಚಿಕ್ಕಪ್ಪನ ಸ್ಟೂಲು ಖಾಲಿ ಇತ್ತು. ಅದರ ಕಡೆ ಇಬ್ಬರೂ ನೋಡಲಿಲ್ಲ.

ಅವಳಿಗೆ ಇರುವೆ ಅಂತ ಹೆಸರಿಟ್ಟವನೇ ಚಿಕ್ಕಪ್ಪ. "ಸದ್ದಿಲ್ಲದೆ ಬರ್ತಾಳೆ, ಏನೋ ಒಂದು ಹೊತ್ಕೊಂಡು ಹೋಗ್ತಾಳೆ, ಕೇಳಿದ್ರೆ ಬಾಯಿಲ್ಲ," ಅನ್ನುತ್ತಿದ್ದ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಅಂದರೆ ಅವಳು ಬೆಂಚು ಹಿಡಿದು ನಿಂತುಬಿಡುತ್ತಿದ್ದಳು. ಉತ್ತರ ಗೊತ್ತಿದ್ದರೂ ಅಷ್ಟೇ. ಕೊನೆಗೆ ಶಾಲೆ ಬಿಟ್ಟು ಮನೆಯ ಹಿಂದಿನ ಈ ಕೋಣೆ ಸೇರಿದಾಗ ಅವಳಿಗೆ ಜೀವಕ್ಕೆ ಹಾಯೆನಿಸಿತ್ತು. ಇಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಕೆಲಸಕ್ಕೆ ಮಾತೇ ಬೇಕಿರಲಿಲ್ಲ.

ಅಪ್ಪನೂ ಚಿಕ್ಕಪ್ಪನೂ ಪ್ರಯೋಗಶಾಲೆಗಳಿಗೆ ಬೇಕಾದ ಗಾಜಿನ ಸಾಮಾನು ಮಾಡುವವರು. ಅಪ್ಪ ಊದುತ್ತಿದ್ದ. ಚಿಕ್ಕಪ್ಪ ಕೊಳವೆಯ ಇನ್ನೊಂದು ತುದಿ ಹಿಡಿದು, ಅಪ್ಪನ ಬೆರಳು ತಿರುಗಿದಷ್ಟೇ ಬೇಗ ತಾನೂ ತಿರುಗಿಸುತ್ತಿದ್ದ. ಒಬ್ಬರದು ಒಂದು ಕೂದಲೆಳೆ ಹಿಂದೆ ಬಿದ್ದರೂ ಕಾದ ಗಾಜು ತಿರುಚಿಕೊಂಡು ಹೋಗುತ್ತದೆ. ಅವರಿಬ್ಬರ ಕೈಯಲ್ಲಿ ಗಾಜು ತಿರುಚಿದ್ದನ್ನು ಇರುವೆ ಕಂಡಿರಲಿಲ್ಲ. ತುಂಡು ಮುಗಿದ ಮೇಲೆ ಅಪ್ಪ ಉರಿಯಿಂದ ಕಣ್ಣು ತೆಗೆಯದೆ ಅದನ್ನು ಎಡಗೈಯಲ್ಲಿ ಹಿಂದಕ್ಕೆ ಚಾಚಿ ಬೆರಳು ಬಿಡುತ್ತಿದ್ದ. ಅಲ್ಲಿ ಚಿಕ್ಕಪ್ಪನ ಕೈ ಇರುತ್ತಿತ್ತು. ಅವನು ಅದನ್ನು ಗೂಡಿಗಿಟ್ಟು ಬಾಗಿಲು ಮುಚ್ಚುತ್ತಿದ್ದ. ಕಾದ ಗಾಜು ಆ ಗೂಡಿನಲ್ಲೇ ನಿಧಾನವಾಗಿ ತಣಿಯಬೇಕು, ಹೊರಗೆ ಬಿಟ್ಟರೆ ಸೀಳುತ್ತದೆ. ಹಿಡಿದೆಯಾ ಅಂತ ಅಪ್ಪ ಕೇಳಿದ್ದಿಲ್ಲ. ಹಿಡಿದೆ ಅಂತ ಚಿಕ್ಕಪ್ಪ ಹೇಳಿದ್ದೂ ಇಲ್ಲ.

ಬೀದಿಯವರು ಅಪ್ಪನಿಗೆ ಉಸಿರಣ್ಣ ಅಂತಲೂ ಚಿಕ್ಕಪ್ಪನಿಗೆ ಹಿಡಿಕೆ ಅಂತಲೂ ಹೆಸರಿಟ್ಟಿದ್ದರು. ಪಕ್ಕದ ಅಂಗಡಿಯಲ್ಲಿ ತಕ್ಕಡಿ ರಿಪೇರಿ ಮಾಡುವವನದೇ ಈ ಕಿತಾಪತಿ. "ಏನಪ್ಪಾ ಹಿಡಿಕೆ, ಪಾತ್ರೆ ಎಲ್ಲಿ?" ಅಂತ ಅವನು ಕೂಗಿದರೆ ಚಿಕ್ಕಪ್ಪ ನಗುತ್ತಿದ್ದ. ನಕ್ಕಾಗ ಅವನ ಕಣ್ಣು ಮಾತ್ರ ನಗುತ್ತಿರಲಿಲ್ಲ. ಅದನ್ನು ಕಂಡವಳು ಇರುವೆ ಒಬ್ಬಳೇ ಇರಬೇಕು.

ಎಲ್ಲ ಶುರುವಾದದ್ದು ಉದ್ಯಮ ನೆರವು ಕೇಂದ್ರದ ಮೇಡಂ ಮನೆಗೆ ಬಂದ ದಿನ. ದೊಡ್ಡ ರಸ್ತೆಯಲ್ಲಿ ಹೊಸದಾಗಿ ಕಟ್ಟಿದ ಆ ಕೇಂದ್ರದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಸಣ್ಣ ಕಾರ್ಖಾನೆಗಳಿಗೆ ಹೊಸ ಯಂತ್ರ, ತರಬೇತಿ, ಗಿರಾಕಿ ಎಲ್ಲ ಕೊಡಿಸುತ್ತಾರಂತೆ ಅಂತ ಮಾತಿತ್ತು. ಮೇಡಂ ಬಿಂಕದವಳಲ್ಲ. ಕೊಳವೆಗಳ ರಾಶಿಯ ಪಕ್ಕದಲ್ಲಿ ಮರದ ಪೆಟ್ಟಿಗೆಯ ಮೇಲೇ ಕೂತು, ಮೊಣಕಾಲ ಮೇಲೆ ಒಂದು ನಕಾಶೆ ಬಿಡಿಸಿದಳು.

"ನೋಡಿ, ನಮ್ಮ ಸುತ್ತಮುತ್ತಲೇ ಔಷಧಿ ಕಂಡುಹಿಡಿಯೋ ಕಂಪನಿಗಳಿವೆ. ಇಲ್ಲಿ ಕಾಲೇಜು. ಇಲ್ಲಿ ಅಳತೆ ಉಪಕರಣ ಮಾಡೋರು. ನಿಮ್ಮ ಬೀದೀಲಿ ಗಾಜಿನೋರು. ಎಲ್ಲಾ ಇದ್ದೀರಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ಆ ಕಂಪನಿಗಳು ಗಾಜಿನ ಪಾತ್ರೆಗಳನ್ನ ಸಮುದ್ರದ ಆಚೆಯಿಂದ ತರಿಸ್ತಾ ಇವೆ."

"ಇಲ್ಲಿಂದ ಕೂಗಿದ್ರೆ ಕೇಳಿಸೋಷ್ಟು ಹತ್ರ ಇದೀವಿ," ಎಂದ ಬಾಗಿಲಲ್ಲಿ ನಿಂತಿದ್ದ ತಕ್ಕಡಿಯವನು.

"ಅದಕ್ಕೇ ಬಂದಿದ್ದು. ಪ್ರತಿಯೊಬ್ಬರ ಬಲ ಏನು ಅಂತ ತಿಳ್ಕೋಬೇಕು. ನಿಮ್ಮ ಬಲ ಏನು, ಹೇಳಿ."

"ಇವನ ಬಲ ಎಲ್ಲಾ ಎದೆಗೂಡಲ್ಲಿದೆ ಮೇಡಂ. ಅತ್ತಿಗೆ ಹತ್ರ ಜಗಳ ಆಡೋಕೂ ಉಸಿರು ಉಳಿಸ್ಕೊಳ್ಳಲ್ಲ," ಎಂದ ತಕ್ಕಡಿಯವನು. ಮೇಡಂ ನಕ್ಕಳು, ಅಪ್ಪನೂ ನಕ್ಕ. ಆಮೇಲೆ ಮೇಡಂ ಚಿಕ್ಕಪ್ಪನ ಕಡೆ ತಿರುಗಿದಳು.

"ನೀವೇನು ಮಾಡ್ತೀರಿ?"

ಚಿಕ್ಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಪ್ಪ ಹೇಳಿಬಿಟ್ಟ: "ಅವನಾ? ಅವನು ಹಿಡ್ಕೋತಾನೆ."

ಅಪ್ಪ ಅದನ್ನು ಹಗುರವಾಗಿ ಹೇಳಿರಲಿಲ್ಲ. ಇರುವೆಗೆ ಅದು ಗೊತ್ತಿತ್ತು. ಅಪ್ಪನ ಮಟ್ಟಿಗೆ ಅದಕ್ಕಿಂತ ದೊಡ್ಡ ಮಾತಿರಲಿಲ್ಲ. ಆದರೆ ತಕ್ಕಡಿಯವನು ಗೊಳ್ಳೆಂದು ನಕ್ಕ. ಚಿಕ್ಕಪ್ಪ ತೆರೆದ ಬಾಯಿ ಮುಚ್ಚಿಕೊಂಡು, ಗೂಡಿನ ಬಾಗಿಲಿನ ಚಿಲಕವನ್ನು ಸುಮ್ಮನೆ ಹಾಕಿ ತೆಗೆದು ಮಾಡತೊಡಗಿದ. ಮೇಡಂ ಅದನ್ನು ಗಮನಿಸಿರಬೇಕು. ಹೋಗುವಾಗ ಅವನನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿದಳು.

ಸ್ವಲ್ಪ ದಿನ ಕಳೆದ ಮೇಲೆ ಊಟಕ್ಕೆ ಕೂತಾಗ ಚಿಕ್ಕಪ್ಪ ತಟ್ಟೆ ನೋಡುತ್ತಲೇ ಹೇಳಿದ. "ಅಣ್ಣ, ಕೇಂದ್ರದವರು ಕೆಲಸಕ್ಕೆ ಕರೆದಿದ್ದಾರೆ. ಹೊಸ ಯಂತ್ರ ಬಂದಿದೆ. ಅದನ್ನ ನಡೆಸೋಕೆ."

"ಏನು ಮಾಡುತ್ತೆ ಆ ಯಂತ್ರ?"

"ಕೊಳವೆಯ ಎರಡೂ ತುದಿ ಹಿಡಿದು ಒಂದೇ ಸಮ ತಿರುಗಿಸುತ್ತೆ."

"ಅಂದ್ರೆ?"

"ಅಂದ್ರೆ, ಹಿಡ್ಕೊಳ್ಳುತ್ತೆ," ಎಂದ ಚಿಕ್ಕಪ್ಪ.

ಅಮ್ಮ ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಅಪ್ಪ ಒಂದು ತುತ್ತು ಅಗಿದು ನುಂಗಿ, ನೀರು ಕುಡಿದು, "ನಿನ್ನಿಷ್ಟ," ಎಂದ. ಬೇಡ ಅಂತ ಒಂದು ಮಾತು ಬಂದಿದ್ದರೆ ಚಿಕ್ಕಪ್ಪ ಹೋಗುತ್ತಿರಲಿಲ್ಲ. ಅವನು ತಟ್ಟೆ ಮುಂದಿಟ್ಟುಕೊಂಡು ಅದಕ್ಕೇ ಕಾಯುತ್ತಿದ್ದ. ಅಪ್ಪ ಕೈ ತೊಳೆಯಲು ಎದ್ದುಹೋದ.

ಹಾಗೆ ಸ್ಟೂಲು ಖಾಲಿಯಾಯಿತು. ಚಿಕ್ಕಪ್ಪನ ಮನೆ ಹಿಂದಿನ ಬೀದಿಯಲ್ಲೇ ಇತ್ತು, ಆದರೂ ಅವನು ಈ ಕಡೆ ಬರುವುದು ನಿಂತಿತು. ಅಪ್ಪನೂ ಆ ಕಡೆ ಹೋಗಲಿಲ್ಲ. ಚಿಕ್ಕಮ್ಮ ಮಾತ್ರ ಹಿತ್ತಿಲ ಗೋಡೆ ಮೇಲಿಂದ ಅಮ್ಮನ ಜೊತೆ ಪಿಸುಮಾತಾಡುತ್ತಿದ್ದಳು. "ಬೂದು ಬಣ್ಣದ ಕೋಟು ಕೊಟ್ಟಿದ್ದಾರೆ ಅಕ್ಕ. ಎದೆ ಮೇಲೆ ಹೆಸರು ಬರೆದಿದ್ದಾರೆ. ರಾತ್ರಿ ಮಲಗೋ ಮುಂಚೆ ತೆಗೆದು ನೋಡ್ತಾರೆ."

ಸ್ಟೂಲು ಖಾಲಿಯಾದ ಮೊದಲ ಬೆಳಿಗ್ಗೆಯೇ ಇರುವೆ ಒಂದು ವಿಷಯ ಕಂಡಳು. ಅಪ್ಪ ಒಬ್ಬನೇ ಕೂತು ಒಂದು ಸಣ್ಣ ಗಾಜಿನ ಬುರುಡೆ ಊದಿ ಮುಗಿಸಿದ. ಕಣ್ಣು ಉರಿಯ ಮೇಲೇ ಇತ್ತು. ಎಡಗೈ ತನ್ನಷ್ಟಕ್ಕೆ ಹಿಂದಕ್ಕೆ ಹೋಯಿತು. ಅವಳು ಹಿಡಿದಿದ್ದ ಕೊಳವೆ ಕೆಳಗಿಟ್ಟು, ಬರಿಗಾಲಲ್ಲಿ ಹೋಗಿ, ಕೈಗವಸು ಹಾಕಿಕೊಳ್ಳಲೂ ಹೊತ್ತಿಲ್ಲದೆ ಬುರುಡೆಯ ತಣ್ಣನೆಯ ತುದಿ ಹಿಡಿದುಕೊಂಡಳು. ಅಪ್ಪನ ಬೆರಳು ಬಿಟ್ಟಿತು. ಅವಳು ಅದನ್ನು ಗೂಡಿಗಿಟ್ಟು ಬಂದು ಮತ್ತೆ ಒರೆಸುತ್ತಾ ಕೂತಳು. ಅಪ್ಪ ತಿರುಗಿ ನೋಡಲಿಲ್ಲ, ಮುಂದಿನ ಕೊಳವೆ ತೆಗೆದುಕೊಂಡ. ಮರುದಿನವೂ ಹಾಗೇ ಆಯಿತು. ಆಮೇಲೆ ಅದು ರೂಢಿಯೇ ಆಯಿತು. ದೊಡ್ಡ ಪಾತ್ರೆಗಳನ್ನು ಮಾಡಲು ಇನ್ನೊಂದು ಜೊತೆ ಕೈ ಬೇಕಿತ್ತು, ಅವನ್ನು ಅಪ್ಪ ಒಪ್ಪಿಕೊಳ್ಳುವುದನ್ನೇ ಬಿಟ್ಟ. ಸಣ್ಣ ತುಂಡುಗಳನ್ನಷ್ಟೇ ಮಾಡುತ್ತಿದ್ದ. ಕೈ ಹಿಂದಕ್ಕೆ ಬಂದಾಗಲೆಲ್ಲ ಅಲ್ಲಿ ಇರುವೆ ಇರುತ್ತಿದ್ದಳು. ಅಪ್ಪನಿಗೆ ಇದು ಗೊತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹೇಳಬೇಕು ಅಂತ ಅನಿಸುತ್ತಿತ್ತು. ಹೇಳಿದರೆ ಅವನು ಕೈ ಚಾಚುವುದನ್ನು ನಿಲ್ಲಿಸಿಬಿಟ್ಟರೆ ಅಂತ ಸುಮ್ಮನಾಗುತ್ತಿದ್ದಳು.

ಮೇಡಂ ಮತ್ತೆ ಬಂದಾಗ ಬೀದಿಯ ಗಾಜಿನವರೆಲ್ಲ ಸೇರಿದ್ದರು. ಔಷಧಿ ಕಂಪನಿಗಳು ಒಪ್ಪಿವೆ ಅಂತ ಅವಳು ಹೇಳಿದಳು. ಎರಡು ಗೋಡೆಯ ಪಾತ್ರೆ ಬೇಕು, ಒಳಗೆ ಔಷಧಿ ಕುದಿಯುವಾಗ ಗೋಡೆಗಳ ನಡುವೆ ನೀರು ಹರಿಯುವಂಥದ್ದು. ಎಲ್ಲರೂ ಕೇಂದ್ರಕ್ಕೆ ಬಂದು ಆ ಯಂತ್ರದ ಮೇಲೆ ಒಂದು ಪಾತ್ರೆ ಮಾಡಿ ತೋರಿಸಬೇಕು. ಯಾರದು ಚೆನ್ನಾಗಿ ಬರುತ್ತದೋ ಅವರಿಗೆ ಕೇಂದ್ರದ ಶೆಡ್ಡಿನಲ್ಲೇ ಬೆಂಚು, ಯಂತ್ರ, ಕೆಲಸ.

"ಯಂತ್ರ ನಡೆಸೋದು ಯಾರು?" ಅಂತ ಕೇಳಿದ ಅಪ್ಪ. ಅವನು ಕೇಳಿದ್ದು ಅದೊಂದೇ ಪ್ರಶ್ನೆ.

"ನಿಮ್ಮ ತಮ್ಮನೇ. ದಿನಾ ಅಲ್ಲೇ ಇರ್ತಾರೆ."

"ಸರಿ. ನಾನೂ ಬರ್ತೀನಿ."

ಅವತ್ತು ಅಮ್ಮ ಅಡುಗೆಮನೆಯಲ್ಲಿ ಇರುವೆಗೆ ಮೆಲ್ಲಗೆ ಹೇಳಿದಳು. "ನಿಮ್ಮಪ್ಪನಿಗೆ ಬೆಂಚು ಬೇಕಾಗಿಲ್ಲ ಕಣೇ. ತಮ್ಮ ಬೇಕು. ಬಾಯಿಬಿಟ್ಟು ಕರಿ ಅಂದ್ರೆ ಕರೆಯಲ್ಲ. ಅದಕ್ಕೆ ಈ ಸುತ್ತುದಾರಿ."

ಯಂತ್ರದ ಅಭ್ಯಾಸಕ್ಕೆ ಅಪ್ಪ ಹೋದದ್ದು ಚಿಕ್ಕಪ್ಪನಿಗೆ ರಜೆಯಿದ್ದ ದಿನಗಳಲ್ಲಿ. ಬೇಕೆಂದೇ ಹಾಗೆ ಹೋದ. ಗೆದ್ದ ಮೇಲೆಯೇ ಮುಖ ತೋರಿಸುವುದು ಅಂತಿತ್ತೋ ಏನೋ. ಬಂದು ಕೈಕಾಲು ತೊಳೆಯುವಾಗ, "ಬುದ್ಧಿವಂತ ಯಂತ್ರ," ಎಂದು ಒಂದು ಸಲ ಅಂದ. ಪಾತ್ರೆ ಮಾಡಿ ತೋರಿಸುವ ದಿನದ ಹಿಂದಿನ ಸಂಜೆ ತಕ್ಕಡಿಯವನು, "ಸಹಾಯಕ್ಕೆ ಯಾರನ್ನ ಕರ್ಕೊಂಡು ಹೋಗ್ತೀಯೋ? ಒಬ್ಬರನ್ನ ಕರ್ಕೊಂಡು ಬರಬಹುದಂತಲ್ಲ," ಎಂದು ಕೇಳಿದ. ಇರುವೆ ಕೊಳವೆ ಒರೆಸುವುದನ್ನು ನಿಲ್ಲಿಸಿದಳು.

"ಯಾರೂ ಬೇಡ. ಒಬ್ಬನೇ ಮಾಡ್ತೀನಿ."

ಅವಳ ಬಾಯಿ ತುದಿಯವರೆಗೂ ಮಾತು ಬಂತು. ಅಪ್ಪಾ, ನೀನು ಒಬ್ಬನೇ ಮಾಡ್ತಾ ಇಲ್ಲ. ಅದು ಅಲ್ಲೇ ಉಳಿಯಿತು. ತಕ್ಕಡಿಯವನು ಹೋದ, ಅಪ್ಪ ದೀಪ ಆರಿಸಿದ, ಅವಳು ತಂತಿಯಿಂದ ಬಟ್ಟೆ ಬಿಚ್ಚಿ ಒಗೆಯಲು ಹಾಕಿದಳು.

ಕೇಂದ್ರದ ಶೆಡ್ಡು ಎತ್ತರವಾಗಿ, ಬೆಳಕಾಗಿ ಇತ್ತು. ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಗೆರೆಯ ಈಚೆ ಕುರ್ಚಿಗಳಲ್ಲಿ ಕಂಪನಿಯವರು, ಕಾಲೇಜಿನ ಮೇಷ್ಟ್ರು, ಬೀದಿಯವರು ಕೂತಿದ್ದರು. ಅಮ್ಮನೂ ಇರುವೆಯೂ ಹಿಂದಿನ ಸಾಲಿನಲ್ಲಿದ್ದರು. ಬೂದು ಕೋಟಿನಲ್ಲಿ ಚಿಕ್ಕಪ್ಪ ಯಾರೋ ದೂರದ ನೆಂಟನ ಥರ ಕಾಣುತ್ತಿದ್ದ. ಗೂಡನ್ನು ಎಲ್ಲಿಡಬೇಕು ಅಂತ ನಿರ್ಧರಿಸಿದವನು ಅವನೇ ಇರಬೇಕು. ಅದು ಕೂರುವ ಕುರ್ಚಿಯ ಹಿಂದೆ, ಎಡಕ್ಕೆ, ಮನೆಯಲ್ಲಿ ಇದ್ದಷ್ಟೇ ದೂರದಲ್ಲಿತ್ತು.

ಮೇಡಂ ನಿಯಮ ಹೇಳಿದಳು. ಯಂತ್ರ ಶುರು ಮಾಡಿಕೊಟ್ಟ ಮೇಲೆ ಕೇಂದ್ರದ ಸಿಬ್ಬಂದಿ ಗೂಡಿನ ಪಕ್ಕ ನಿಲ್ಲುತ್ತಾರೆ, ಬೆಂಕಿ ಅನಾಹುತ ಆಗದಂತೆ ನೋಡಿಕೊಳ್ಳುವುದಷ್ಟೇ ಅವರ ಕೆಲಸ. ತುಂಡನ್ನು ಅವರು ಮುಟ್ಟಿದರೆ ಆ ಕಾರ್ಖಾನೆಯ ಹೆಸರು ಪಟ್ಟಿಯಿಂದ ಹೋಗುತ್ತದೆ. "ಎಲ್ಲರಿಗೂ ಒಂದೇ ನ್ಯಾಯ ಆಗಬೇಕಲ್ವಾ," ಎಂದಳು. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಅಣ್ಣನ ಸರದಿ ಬಂದಾಗ ತಮ್ಮ ಅಲ್ಲಿರುವುದು ಸರಿಯೋ ಅಂತ ಕಂಪನಿಯವನೊಬ್ಬ ಆಗಲೇ ಗೊಣಗಿದ್ದ.

ಮುಂಚೆ ಬಂದವರ ಪಾತ್ರೆಗಳಲ್ಲಿ ಒಂದರದು ಬಾಯಿ ಸೊಟ್ಟ, ಇನ್ನೊಂದರದು ಗೋಡೆ ದಪ್ಪ. ಆಮೇಲೆ ಅಪ್ಪ ಹೋಗಿ ಕೂತ. ಚಿಕ್ಕಪ್ಪ ಕೊಳವೆಯ ಎರಡು ತುದಿಗಳನ್ನು ಯಂತ್ರದ ಹಿಡಿತಕ್ಕೆ ಸಿಕ್ಕಿಸಿದ. ಇಬ್ಬರ ಮುಖಗಳ ನಡುವೆ ಒಂದು ಮೊಳ ದೂರವೂ ಇರಲಿಲ್ಲ. ಅಪ್ಪ ಕಪ್ಪು ಕನ್ನಡಕ ಏರಿಸಿಕೊಂಡ. ಚಿಕ್ಕಪ್ಪ ಗುಂಡಿ ಒತ್ತಿ ಹಿಂದೆ ಸರಿದು ಗೂಡಿನ ಪಕ್ಕ ನಿಂತ.

ಅಷ್ಟು ಚೆನ್ನಾಗಿ ಅಪ್ಪ ಊದಿದ್ದನ್ನು ಇರುವೆ ಮನೆಯಲ್ಲೂ ನೋಡಿರಲಿಲ್ಲ. ಗಾಜು ಕೆಂಪಾಗಿ, ಕಿತ್ತಳೆಯಾಗಿ ಮೆತ್ತಗಾಯಿತು. ಅಪ್ಪನ ಕೆನ್ನೆ ಉಬ್ಬಿ ಇಳಿಯಿತು. ಹೊರಗೋಡೆ ಒಳಗೋಡೆಯನ್ನು ಸುತ್ತಿಕೊಂಡು ಅಂಚಿನಲ್ಲಿ ಕೂಡಿತು, ಸೇರಿದ ಜಾಗ ಹುಡುಕಿದರೂ ಕಾಣದ ಹಾಗೆ. ಕಾಲೇಜಿನ ಮೇಷ್ಟ್ರು ಎದ್ದು ನಿಂತು ನೋಡುತ್ತಿದ್ದರು. ಇರುವೆ ಮಾತ್ರ ಚಿಕ್ಕಪ್ಪನ ಕೈ ನೋಡುತ್ತಿದ್ದಳು. ಕೋಟಿನ ಪಕ್ಕದಲ್ಲಿ ಇಳಿಬಿಟ್ಟ ಅವನ ಬೆರಳುಗಳು ಏನನ್ನೂ ಹಿಡಿಯದೆಯೇ ತಿರುಗುತ್ತಿದ್ದವು, ಯಂತ್ರದಷ್ಟೇ ಬೇಗ.

ಯಂತ್ರ ನಿಂತಿತು. ಅಪ್ಪ ಪಾತ್ರೆ ಬಿಡಿಸಿ, ಬಾಯಿಯ ಅಂಚನ್ನು ಕೈಬರ್ನರಿನ ಉರಿಗೆ ಹಿಡಿದು ನುಣ್ಣಗೆ ಮಾಡಿದ. ಇನ್ನು ಅದನ್ನು ಗೂಡಿಗಿಡುವುದೊಂದೇ ಉಳಿದಿತ್ತು. ಕಣ್ಣು ಉರಿಯಲ್ಲೇ ಇತ್ತು. ಎಡಗೈ ಹಿಂದಕ್ಕೆ ಹೋಯಿತು.

ಇರುವೆ ಎದ್ದಳು. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಅಷ್ಟು ಜನರ ಕಣ್ಣು ಮೇಲೆ ಬಿದ್ದದ್ದೇ ತಡ, ಶಾಲೆಯಲ್ಲಿ ಆಗುತ್ತಿದ್ದ ಹಾಗೆಯೇ ಅವಳು ನಿಂತಲ್ಲೇ ನಿಂತುಬಿಟ್ಟಳು. ಚಿಕ್ಕಪ್ಪನ ಎರಡೂ ಕೈ ಸೊಂಟದವರೆಗೆ ಮೇಲೆ ಬಂದವು. ಪಾತ್ರೆ ಅವನಿಂದ ಒಂದು ಗೇಣು ದೂರದಲ್ಲಿತ್ತು. ಅವನು ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಹಿಡಿದು ಎದೆಗೊತ್ತಿಕೊಂಡ. ಅಪ್ಪನ ಬೆರಳು ಬಿಟ್ಟಿತು.

ಕಾದ ಗಾಜು ಬಿದ್ದರೆ ಝಣ್ ಅನ್ನುವುದಿಲ್ಲ. ಒದ್ದೆ ಬಟ್ಟೆ ಬಿದ್ದಂಥ ಸದ್ದಾಯಿತು. ಆಮೇಲೆ ಚೂರುಗಳು ತಣ್ಣನೆಯ ನೆಲದ ಮೇಲೆ ಒಂದೊಂದಾಗಿ ಚಟಪಟ ಸೀಳುತ್ತಾ ಹೋದವು. ಅಪ್ಪನ ಕೈ ಬೆರಳು ಬಿಡಿಸಿಕೊಂಡು ಹಾಗೇ ಹಿಂದಕ್ಕೆ ಚಾಚಿತ್ತು.

ಮೇಡಂ ಓಡಿ ಬಂದಳು. "ಪರವಾಗಿಲ್ಲ, ಪರವಾಗಿಲ್ಲ. ಎಲ್ಲರೂ ನೋಡಿದ್ದಾರೆ ಎಷ್ಟು ಚೆನ್ನಾಗಿತ್ತು ಅಂತ. ಸ್ವಲ್ಪ ಸುಧಾರಿಸ್ಕೊಂಡು ಇನ್ನೊಂದು ಮಾಡಿ. ನಾನು ಎಲ್ಲರನ್ನೂ ಒಪ್ಪಿಸ್ತೀನಿ." ಅವಳು ಒಪ್ಪಿಸುತ್ತಿದ್ದಳು ಕೂಡ. ಕಂಪನಿಯವರೂ ತಲೆಯಾಡಿಸುತ್ತಿದ್ದರು.

ಅಪ್ಪ ಕನ್ನಡಕ ತೆಗೆದ. ತಮ್ಮನ ಕಡೆ ನೋಡಿದ. ಮಣಿಕಟ್ಟು ಹಿಡಿದ ಆ ಕೈಯನ್ನು ನೋಡಿದ. "ಬೇಡ ಮೇಡಂ. ಆಯ್ತು," ಎಂದು ಗೆರೆ ದಾಟಿ ಹೊರಗೆ ನಡೆದ.

ಮನೆಗೆ ಬಂದವನು ಬಟ್ಟೆಯನ್ನೂ ಬದಲಾಯಿಸಲಿಲ್ಲ. ನೇರವಾಗಿ ಹಿಂದಿನ ಕೋಣೆಗೆ ಹೋಗಿ ಗ್ಯಾಸಿನ ಪೈಪು ಬಿಚ್ಚಿದ. ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿದ. ಬರ್ನರನ್ನು ಬೆಂಚಿನಿಂದ ಕಳಚಿ, ಬಟ್ಟೆಯಲ್ಲಿ ಸುತ್ತಿ, ಗಂಟು ಕಟ್ಟಿ ತಕ್ಕಡಿಯವನ ಅಂಗಡಿಗೆ ಒಯ್ದು ಕೊಟ್ಟ. "ಯಾರಿಗಾದ್ರೂ ಬೇಕಿದ್ರೆ ಕೊಟ್ಟುಬಿಡು," ಎಂದ. ತಕ್ಕಡಿಯವನ ಬಾಯಿಂದ ಅವತ್ತು ಒಂದು ತಮಾಷೆಯೂ ಹೊರಡಲಿಲ್ಲ. ಅಪ್ಪ ಬಂದು ಬರಿದಾದ ಬೆಂಚಿನ ಮುಂದೆ, ಕಿಟಕಿಗೆ ಬೆನ್ನು ಹಾಕಿ ಕೂತ.

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಕಿಟಕಿಯ ಹೊರಗೆ ಚಪ್ಪಲಿ ಸದ್ದಾಯಿತು. ಚಿಕ್ಕಪ್ಪ ಕೋಟು ಬಿಚ್ಚಿ ಬಂದಿದ್ದ. ಸರಳು ಹಿಡಿದು ನಿಂತ.

"ಒಳಗೆ ಬಾಪ್ಪಾ," ಎಂದಳು ಅಮ್ಮ.

"ಇಲ್ಲ ಅತ್ತಿಗೆ. ಇಲ್ಲೇ ಇರ್ತೀನಿ." ಆಮೇಲೆ ಅಪ್ಪನ ಬೆನ್ನಿನ ಕಡೆ ನೋಡಿ, "ಅಣ್ಣ," ಎಂದ. "ಮುಟ್ಟಿದ್ರೆ ನಿನ್ನ ಹೆಸರು ತೆಗೆದುಹಾಕ್ತಿದ್ರು. ಎಷ್ಟು ಚೆನ್ನಾಗಿ ಬಂದಿತ್ತು ಅದು. ಮುಟ್ಟಬಾರದು, ಮುಟ್ಟಬಾರದು ಅಂತ ನನ್ನ ಕೈ ನಾನೇ ಹಿಡ್ಕೊಂಡೆ. ನೀನು ಗೆದ್ದು ಅಲ್ಲಿಗೆ ಬರಲಿ ಅಂತಲೇ ಅಣ್ಣ."

ಅಪ್ಪ ತಿರುಗಲಿಲ್ಲ. ಇರುವೆಗೆ ಇನ್ನು ತಡೆಯಲಾಗಲಿಲ್ಲ. ಮಾತು ಹೇಗೋ ಹೊರಗೆ ಬಿತ್ತು.

"ತಪ್ಪು ನನ್ನದು ಅಪ್ಪಾ. ಚಿಕ್ಕಪ್ಪ ಹೋದ ಮೇಲೆ ಇಲ್ಲಿ ನಾನೇ ಹಿಡೀತಿದ್ದೆ. ನಿಂಗೆ ಹೇಳ್ಲಿಲ್ಲ. ನೀನು ಒಬ್ಬನೇ ಮಾಡ್ತಿದೀನಿ ಅಂದ್ಕೊಂಡು..."

"ಗೊತ್ತಿತ್ತು," ಎಂದ ಅಪ್ಪ. "ನಿನ್ನ ಕೈ ಚಿಕ್ಕದು. ಮೊದಲ ದಿನವೇ ಗೊತ್ತಾಯ್ತು."

"ಮತ್ತೆ ಅಲ್ಲಿ ಯಾಕೆ ಬಿಟ್ಟೆ?"

ಅಪ್ಪ ಬೆಂಚಿನ ಮೇಲೆ ಬರ್ನರ್ ಇದ್ದ ಜಾಗದ ಸುಟ್ಟ ಗುರುತನ್ನು ಹೆಬ್ಬೆರಳಿಂದ ಉಜ್ಜುತ್ತಿದ್ದ.

"ಅಲ್ಲಿ ಅವನಿದ್ನಲ್ಲ," ಎಂದ.

ಕಿಟಕಿಯಾಚೆ ಚಿಕ್ಕಪ್ಪನ ಹಣೆ ಸರಳಿಗೆ ತಾಗಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೋಣೆಯೊಳಗೆ ಆಗಲೇ ಕತ್ತಲು ಕವಿದಿತ್ತು. ಬೆಂಚಿನ ಮೇಲೆ ಏನಿದೆ ಏನಿಲ್ಲ ಅಂತ ಹೊರಗಿನಿಂದ ಕಾಣುವಂತಿರಲಿಲ್ಲ. ದೀಪ ಹಾಕಲು ಯಾರೂ ಏಳಲಿಲ್ಲ.

"ನಾಳೆ ಕೇಂದ್ರಕ್ಕೆ ಹೋಗೋ ಮುಂಚೆ ಬರ್ತೀನಿ ಅಣ್ಣ," ಎಂದ ಚಿಕ್ಕಪ್ಪ. ಅವನ ದನಿ ಒಡೆದಿತ್ತು. "ದಿನಾ ಬೆಳಿಗ್ಗೆ ಬರ್ತೀನಿ. ಸ್ವಲ್ಪ ಹೊತ್ತು ಕೂತು ಹೋಗ್ತೀನಿ. ಬರ್ನರ್ ಹಚ್ಚಿಟ್ಟಿರು."

ಇರುವೆ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. ಅಪ್ಪನ ಬೆನ್ನು ಅಲುಗಲಿಲ್ಲ.

"ಅಣ್ಣಾ, ಬರ್ನರ್ ಹಚ್ಚಿಟ್ಟಿರು," ಎಂದ ಚಿಕ್ಕಪ್ಪ ಮತ್ತೆ.